ಅದೇ ಬಂಡವಾಳಶಾಹಿ ಕೊರಿಯಾದಲ್ಲಿ ನಿಂತ್ಕೊಳ್ತು, ರಷ್ಯಾದಲ್ಲಿ ಯಾಕೆ ಮಕಾಡೆ ಬಿತ್ತು?

ನಂದಿಬಟ್ಟಲು:

ಎಲ್ಲರಿಗೂ ನಮಸ್ಕಾರ. ಎಂಎ ಎಕನಾಮಿಕ್ಸ್ ಓದ್ತಿದೀನಿ, ಸೆಮಿನಾರ್‌ಗೆ ದಕ್ಷಿಣ ಕೊರಿಯಾ ಮತ್ತೆ 1990ರ ದಶಕದ ರಷ್ಯಾ ತಗೊಂಡಿದೀನಿ. ಒಬ್ಬೊಬ್ಬ ಪಂಡಿತರು ಒಂದೊಂದು ಕಾರಣ ಹೇಳ್ತಾರೆ, ಒಂದಕ್ಕೊಂದು ತಾಳೆ ಆಗ್ತಿಲ್ಲ, ಅದಕ್ಕೆ ಇಲ್ಲಿ ಕೇಳ್ತಿದೀನಿ.

ರಷ್ಯಾದಲ್ಲಿ 1992 ಜನವರಿ 2ಕ್ಕೆ, ಆರ್ಥಿಕ ಸುಧಾರಣೆ ನೋಡ್ಕೊಳ್ತಿದ್ದ ಗೈದಾರ್ ಅವರ ಸರ್ಕಾರ ಬಹುತೇಕ ಸಾಮಾನುಗಳ ಬೆಲೆ ಮೇಲಿದ್ದ ಹಿಡಿತ ಒಂದೇ ಏಟಿಗೆ ಬಿಟ್ಬಿಡ್ತು, ಆ ವರ್ಷ ಮುಗಿಯೋಷ್ಟರಲ್ಲಿ ಬೆಲೆಗಳು ಸುಮಾರು 26 ಪಟ್ಟಿನಷ್ಟಾಗಿದ್ವು, ಜೀವಮಾನ ಪೂರ್ತಿ ಕೂಡಿಟ್ಟಿದ್ದ ದುಡ್ಡು ಪಾಸ್‌ಬುಕ್ಕಲ್ಲೇ ಕರಗೋಯ್ತು. ಅದೇ ಅಕ್ಟೋಬರ್‌ನಿಂದ ತಲೆಗೆ 10,000 ರೂಬಲ್ ಮುಖಬೆಲೆಯ ವೋಚರ್ ಹಂಚಿದ್ರು, ಸರ್ಕಾರಿ ಫ್ಯಾಕ್ಟರಿಗಳಲ್ಲಿ ಜನ ಪಾಲುದಾರರಾಗ್ಲಿ ಅಂತ. ಆಮೇಲೆ ಆಗಿದ್ದು ಗೊತ್ತೇ ಇದೆ, 1998 ಆಗಸ್ಟ್‌ನಲ್ಲಿ ಸರ್ಕಾರವೇ ಸಾಲ ತೀರಿಸಕ್ಕಾಗಲ್ಲ ಅಂತ ಕೈ ಎತ್ತಿತು. ಗಂಡಸರ ಸರಾಸರಿ ಆಯಸ್ಸು 1990ರಲ್ಲಿ 64ರ ಹತ್ತಿರ ಇದ್ದಿದ್ದು 1994ಕ್ಕೆ 58ಕ್ಕಿಂತ ಕೆಳಗೆ ಬಂತು. ಯುದ್ಧ ಇಲ್ಲ ಬರ ಇಲ್ಲ, ಆದ್ರೂ ಇಷ್ಟು. ಈ ನಂಬರ್ ಓದಿದ್ಮೇಲೆ ನನಗೆ ಬೇರೆ ಚಾಪ್ಟರ್‌ಗೆ ಹೋಗಕ್ಕೇ ಆಗ್ಲಿಲ್ಲ.

ಕೊರಿಯಾ ನೋಡಿದ್ರೆ ಪೂರ್ತಿ ಉಲ್ಟಾ. ಸೇನಾಧಿಕಾರಿ ಪಾರ್ಕ್ ಚುಂಗ್ ಹೀ 1961ರಲ್ಲಿ ಅಧಿಕಾರ ಹಿಡಿದ ತಕ್ಷಣ ಬ್ಯಾಂಕುಗಳನ್ನ ಸರ್ಕಾರದ ಕೈಗೆ ತಗೊಂಡ್ರು, ಯಾರಿಗೆ ಸಾಲ ಕೊಡ್ಬೇಕು ಅಂತ ಸರ್ಕಾರವೇ ಹೇಳ್ತಿತ್ತು. ಪುಸ್ತಕದ ಪ್ರಕಾರ ಇದು ಹಾಳಾಗ್ಬೇಕಿತ್ತು, ಆದ್ರೆ 1964ರಲ್ಲಿ 10 ಕೋಟಿ ಡಾಲರ್ ಇದ್ದ ರಫ್ತು 1977ಕ್ಕೆ 1,000 ಕೋಟಿ ಡಾಲರ್ ಮುಟ್ತು.

ನಮ್ಮ ಗೈಡ್ ಅವ್ರು ಎಲ್ಲಾನೂ ಆಸ್ತಿ ಹಕ್ಕಿಗೆ ತಂದು ನಿಲ್ಲಿಸ್ತಾರೆ, ಕಾಗದ ಗಟ್ಟಿ ಇದ್ರೆ ಬಂಡವಾಳ ತಾನಾಗೇ ಹುಟ್ಟತ್ತೆ ಅಂತ. ಹಾಗಾದ್ರೆ ಚೀನಾ ಹೇಗೆ? ಅಲ್ಲಿ ಖಾಸಗಿ ಆಸ್ತಿಗೆ ರಕ್ಷಣೆ ಅನ್ನೋದು ಸಂವಿಧಾನಕ್ಕೆ ಸೇರಿದ್ದೇ 2004ರಲ್ಲಿ, ಅಷ್ಟೊತ್ತಿಗೆ 25 ವರ್ಷ ಬೆಳೆದಾಗಿತ್ತು. ನಿಮ್ಮ ನಿಮ್ಮ ಕೆಲಸದಲ್ಲಿ ಕಂಡಿದ್ದನ್ನ ಇಟ್ಕೊಂಡು ಯಾರಾದ್ರೂ ಹೇಳಿ ಪ್ಲೀಸ್.

ಕೆಂಗೇರಿ_ಕಡೆಯವ:

ನಂದಿಬಟ್ಟಲು ಅವ್ರೇ, ನಾನು ಲೋನ್ ಫೈಲ್ ರೆಡಿ ಮಾಡಿಸೋ ಕೆಲಸ ಮಾಡ್ತೀನಿ, ಅಂದ್ರೆ ಇಸಿ (ಆಸ್ತಿ ಮೇಲೆ ಸಾಲ ಇದ್ಯಾ ಅಂತ ಹೇಳೋ ಪತ್ರ) ತೆಗೆಸೋದು, ಮದರ್ ಡೀಡ್ (ಆಸ್ತಿಯ ಹಳೇ ಮೂಲ ಪತ್ರ) ಹುಡುಕ್ಸೋದು, ಲಾಯರ್ ಹತ್ರ ಲೀಗಲ್ ಒಪಿನಿಯನ್ ಬರೆಸೋದು. ಹಾಗಾಗಿ ಆಸ್ತಿ ಹಕ್ಕಿನ ವಾದ ನನ್ನ ಟೇಬಲ್ ಮೇಲೇ ದಿನಾ ನಡೆಯತ್ತೆ.

ಆ ವಾದವನ್ನ ಜಗತ್ತಿಗೆಲ್ಲ ಹರಡಿದ್ದು ಪೆರುವಿನ ಹೆರ್ನಾಂಡೊ ಡಿ ಸೋಟೊ. ಲಿಮಾದಲ್ಲಿ ಒಂದು ಸಣ್ಣ ಗಾರ್ಮೆಂಟ್ಸ್ ಶೆಡ್ ಕಾನೂನು ಪ್ರಕಾರ ನೋಂದಾಯಿಸೋಕೆ ಎಷ್ಟು ದಿನ ಹಿಡಿಯತ್ತೆ ಅಂತ ಅವರ ತಂಡ ನಿಜವಾಗ್ಲೂ ಕ್ಯೂ ನಿಂತು ನೋಡ್ತು, 289 ದಿನ ಆಯ್ತು, ಖರ್ಚು ಕನಿಷ್ಠ ತಿಂಗಳ ಕೂಲಿಯ 31 ಪಟ್ಟು. ಬಡವ್ರ ಹತ್ರ ಮನೆ ಇದೆ ಅಂಗಡಿ ಇದೆ, ಪತ್ರ ಇಲ್ಲ, ಪತ್ರ ಇಲ್ದೆ ಇರೋ ಆಸ್ತಿ ಸತ್ತ ಬಂಡವಾಳ ಅನ್ನೋದು ಅವರ ಮಾತು. ಬೆಂಗಳೂರಲ್ಲಿ ಇದನ್ನ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ರೆವಿನ್ಯೂ ಸೈಟು, ಅಂದ್ರೆ ಕೃಷಿ ಜಮೀನು, ಮನೆ ಕಟ್ಟೋಕೆ ಅಂತ ಕನ್ವರ್ಷನ್ ಆಗಿಲ್ಲ, ನಿಯಮ ಪಾಲಿಸದ ಆಸ್ತಿಯ ಬಿ ಖಾತಾ, ಮೇಲೆ ಎರಡು ಫ್ಲೋರ್ ಎಬ್ಬಿಸಿದಾರೆ, ಬಾಡಿಗೆ ಬರ್ತಿದೆ, ಟ್ಯಾಕ್ಸ್ ಕಟ್ತಿದಾರೆ, ಆದ್ರೂ ಆ ಫೈಲ್ ತಗೊಂಡು ದೊಡ್ಡ ಬ್ಯಾಂಕಿಗೆ ಹೋದ್ರೆ ಲಾಯರ್ ಒಂದೇ ಸಾಲು ಬರೀತಾರೆ, ಟೈಟಲ್ ಕ್ಲಿಯರ್ ಇಲ್ಲ ಅಂತ. ಕೊನೆಗೆ ಹೆಂಡ್ತಿ ಬಳೆ ಸರ ತಗೊಂಡು ಗೋಲ್ಡ್ ಲೋನ್‌ಗೆ ಹೋಗ್ತಾರೆ. ಅರ್ಧ ಕೋಟಿ ಬಾಳೋ ಮನೆಗೆ ಬೆಲೆ ಇಲ್ಲ, ನಲವತ್ತು ಗ್ರಾಂ ಚಿನ್ನಕ್ಕೆ ಅರ್ಧ ಗಂಟೇಲಿ ದುಡ್ಡು.

ಆದ್ರೆ ನಿಮ್ಮ ಗೈಡ್‌ಗೆ ಇದನ್ನೂ ಹೇಳಿ. ಪೆರುವಿನಲ್ಲಿ 1990ರ ದಶಕದಲ್ಲಿ ಸರ್ಕಾರ ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಹಂಚಿತು. ಎರಿಕಾ ಫೀಲ್ಡ್ ಅನ್ನೋ ಅರ್ಥಶಾಸ್ತ್ರಜ್ಞೆ ಹೋಗಿ ನೋಡಿದಾಗ, ಪತ್ರ ಸಿಕ್ಕವರು ಮನೆ ಕಾಯೋದು ಬಿಟ್ಟು ಹೊರಗೆ ಜಾಸ್ತಿ ಹೊತ್ತು ದುಡಿಯೋಕೆ ಹೋಗ್ತಿದ್ರು, ಇದು ಒಳ್ಳೇದೇ. ಆದ್ರೆ ಖಾಸಗಿ ಬ್ಯಾಂಕ್ ಸಾಲ ಅಂತ ಹೇಳ್ಕೊಳ್ಳೋಷ್ಟು ಏರಿರ್ಲಿಲ್ಲ. ಕಾರಣ ನಮ್ಮಂಥವ್ರಿಗೆ ಗೊತ್ತು. ಬ್ಯಾಂಕ್‌ನೋರು ಪತ್ರ ನೋಡಿದ್ಮೇಲೆ ಇನ್ನೂ ಎರಡು ಪ್ರಶ್ನೆ ಕೇಳ್ತಾರೆ, ತಿಂಗಳಿಗೆ ಖಚಿತವಾಗಿ ಎಷ್ಟು ಬರತ್ತೆ, ಕಟ್ಟದಿದ್ರೆ ಆ ಮನೇನ ನಾನು ಹರಾಜು ಹಾಕಕ್ಕಾಗತ್ತಾ. ಎರಡಕ್ಕೂ ಉತ್ತರ ಇಲ್ದಿದ್ರೆ ಎ ಖಾತಾ ಇದ್ರೂ ಫೈಲ್ ವಾಪಸ್ ಬರತ್ತೆ. ಹಾಗಾಗಿ ಪತ್ರ ಬೇಕೇ ಬೇಕು, ಅದಕ್ಕಾಗಿ ನಾನು ಯಾರ ಜೊತೆ ಬೇಕಾದ್ರೂ ವಾದ ಮಾಡ್ತೀನಿ, ಅದೊಂದರಿಂದಲೇ ದೇಶ ಎದ್ದು ನಿಲ್ಲತ್ತೆ ಅಂದ್ರೆ ಮಾತ್ರ ಒಪ್ಪಲ್ಲ.

ಕಡಲತಡಿ:

ನಮ್ಮ ಕಡೆ ಕಥೆ ಸ್ವಲ್ಪ ಬೇರೆ ಉಂಟು. ಪತ್ರ ಇಲ್ಲದವರ ದುಡ್ಡನ್ನೇ ಒಟ್ಟು ಮಾಡಿ ಬ್ಯಾಂಕ್ ಕಟ್ಟಿದ ಊರು ಇದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಶುರು ಮಾಡಿದ್ದು ಕೆನರಾ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್, 1924ಕ್ಕೆ ಕರ್ಣಾಟಕ ಬ್ಯಾಂಕ್, 1925ಕ್ಕೆ ಸಿಂಡಿಕೇಟ್, 1931ಕ್ಕೆ ವಿಜಯಾ. ಒಂದು ಸಣ್ಣ ಕರಾವಳಿ ಪಟ್ಟಿಯಲ್ಲಿ ಇಷ್ಟು. ಗಣಿ ಇಲ್ಲ, ದೊಡ್ಡ ಫ್ಯಾಕ್ಟರಿ ಇಲ್ಲ.

ಸಿಂಡಿಕೇಟ್ ಶುರುವಾದದ್ದು 8,000 ರೂಪಾಯಿ ಬಂಡವಾಳದಲ್ಲಿ, ಕಷ್ಟದಲ್ಲಿದ್ದ ನೇಕಾರರಿಗೆ ಸಾಲ ಕೊಡ್ಲಿಕ್ಕೆ ಅಂತ. 1928ರಲ್ಲಿ ಪಿಗ್ಮಿ ಠೇವಣಿ ತಂದ್ರು, ದಿನಕ್ಕೆ ಎರಡಾಣೆ ಇದ್ರೆ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬಂದು ತಗೊಂಡು ಹೋಗ್ತಿದ್ದ. ನನ್ನ ಅಜ್ಜಿ ಬೀಡಿ ಕಟ್ಟಿದ ದುಡ್ಡಲ್ಲಿ ಪಿಗ್ಮಿ ಹಾಕ್ತಿದ್ರು, ಏಜೆಂಟರು ಸಂಜೆ ಜಗಲಿಯಲ್ಲಿ ಕೂತು ಕಾರ್ಡಿನಲ್ಲಿ ಬರೆದು ಸಹಿ ಹಾಕಿ ಹೋಗ್ತಿದ್ರು, ಮಳೆಗಾಲದಲ್ಲೂ ತಪ್ಪುತ್ತಿರಲಿಲ್ಲ. ಆ ಏಜೆಂಟ್ ಅದೇ ಊರಿನವ, ಅವನ ಅಪ್ಪ ಯಾರು ಅಂತ ಎಲ್ಲರಿಗೂ ಗೊತ್ತು, ಎಂಟಾಣೆ ಹೆಚ್ಚುಕಮ್ಮಿ ಮಾಡಿದ್ರೆ ಅವನಿಗೆ ಊರಲ್ಲಿ ಮುಖ ತೋರಿಸ್ಲಿಕ್ಕೆ ಆಗ್ತಿರಲಿಲ್ಲ. ಹಾಗೆಯೇ ಇವರು ದಿನಾ ಹಾಕ್ತಾರಾ ಇಲ್ವಾ ಅಂತ ಬ್ಯಾಂಕಿಗೂ ಗೊತ್ತಾಗ್ತದೆ, ಸಾಲ ಕೊಡುವಾಗ ಆಸ್ತಿ ಪತ್ರಕ್ಕಿಂತ ದೊಡ್ಡ ಸಾಕ್ಷಿ ಅದು.

ಆದ್ರಿಂದ ನನಗೆ ನಂಬಿಕೆ ಮೊದಲು, ಕಾನೂನು ಆಮೇಲೆ ಅಂತಲೇ ಅನ್ನಿಸ್ತದೆ. ಆದ್ರೆ ಊರೊಳಗಿನ ನಂಬಿಕೆ ಊರಿನ ಗಡಿವರೆಗೆ ಮಾತ್ರ. 1960ರಲ್ಲಿ ಕೇರಳದ ಪಲೈ ಸೆಂಟ್ರಲ್ ಬ್ಯಾಂಕ್ ಮುಳುಗಿದಾಗ ಠೇವಣಿ ಇಟ್ಟವರು ಬೀದಿಗೆ ಬಂದ್ರು, ಅದರ ನಂತರವೇ 1962ರಿಂದ ಠೇವಣಿಗೆ ವಿಮೆ ಬಂದದ್ದು. ಈಗ 5 ಲಕ್ಷದವರೆಗೆ ಉಂಟು. ಗುರುತಿಲ್ಲದ ಬ್ಯಾಂಕಿನಲ್ಲಿ ಗುರುತಿಲ್ಲದ ಜನ ದುಡ್ಡು ಇಡ್ಬೇಕಾದ್ರೆ ಇಂಥದ್ದೊಂದು ಇರ್ಲೇಬೇಕು. ರಷ್ಯಾದಲ್ಲಿ ಆಗ ಎಂಥ ಇತ್ತು ಹೇಳಿ? ಎಂಎಂಎಂ ಅಂತ ಒಂದು ಕಂಪನಿ ಟಿವಿ ತುಂಬಾ ಜಾಹೀರಾತು ಕೊಟ್ಟು ಲಕ್ಷಗಟ್ಟಲೆ ಜನರ ಹತ್ರ ದುಡ್ಡು ತಗೊಂಡು 1994ರಲ್ಲಿ ಕುಸಿದು ಬಿತ್ತು. ಮೊದಲ ಸಲ ಬಂಡವಾಳಶಾಹಿ ಕಂಡ ಜನರಿಗೆ ಸಿಕ್ಕಿದ ಪಾಠ ಇದು. ಅದರ ಮೇಲೆ ನಂಬಿಕೆ ಹುಟ್ಟುವುದು ಹೇಗೆ ಮಾರಾಯ್ರೆ?

ಹುಬ್ಬಳ್ಳಿ_ಲೆಕ್ಕಪತ್ರ:

ತಂಗಿ, ಮ್ಯಾಲಿನ ಇಬ್ಬರೂ ಭಾಳ ಛಲೋ ಬರದಾರ. ಆದ್ರ ನಿನ್ನ ಎರಡು ದೇಶದ ಗಂಟು ಬಿಚ್ಚಬೇಕಂದ್ರ ಇನ್ನೊಂದು ಪ್ರಶ್ನೆ ಕೇಳಬೇಕು, ಲುಕ್ಸಾನ ಆದಾಗ ಅದು ಯಾರ ಹೆಗಲಿಗೆ ಬೀಳ್ತದ? ನಾನು ಆಡಿಟ್ ಕೆಲಸದಾಗ ಕೂದಲ ಬೆಳ್ಳಗ ಮಾಡ್ಕೊಂಡಾಂವ, ಬ್ಯಾಲೆನ್ಸ್ ಶೀಟ್ ನೋಡುವಾಗ ಲಾಭದ ಕಾಲಂ ಆಮೇಲೆ ನೋಡ್ತೀನಿ, ಲುಕ್ಸಾನ ಯಾವ ಖಾತೆಗೆ ತಳ್ಯಾರ ಅನ್ನೋದು ಮೊದಲ ನೋಡ್ತೀನಿ.

ಹಂಗೇರಿಯ ಯಾನೋಶ್ ಕೊರ್ನಾಯ್ ಅಂತ ಅರ್ಥಶಾಸ್ತ್ರಜ್ಞ ಇದನ್ನ ಸಮಾಜವಾದಿ ದೇಶದಾಗ ಕೂತು ಬರದ. ಫ್ಯಾಕ್ಟರಿ ಎಷ್ಟ ಲುಕ್ಸಾನ ಮಾಡಿದ್ರೂ ಸರ್ಕಾರ ಬಂದು ತುಂಬಿ ಕೊಡ್ತದ ಅಂತ ಮ್ಯಾನೇಜರಗ ಗೊತ್ತಿದ್ರ ಆಂವ ಖರ್ಚಿನ ಕಡೆ ನೋಡೂದಿಲ್ಲ, ಗಿರಾಕಿ ಕಡೆನೂ ನೋಡೂದಿಲ್ಲ, ರಾಜಧಾನಿ ಕಡೆ ನೋಡ್ತಾನ. ಸಡಿಲ ಬಜೆಟ್ ಅಂತ ಅದನ್ನ ಕರದ. ಈಗ ರಷ್ಯಾ ನೋಡು. ಮಾಲೀಕ ಬದಲಾದ, ಈ ಚಟ ಬದಲಾಗಲಿಲ್ಲ. ಕಂಪನಿಗಳು ಟ್ಯಾಕ್ಸ್ ಕಟ್ಟಲಿಲ್ಲ, ಕರೆಂಟ್ ಬಿಲ್ ಕಟ್ಟಲಿಲ್ಲ, ಕೆಲಸಗಾರರಿಗೆ ತಿಂಗಳಗಟ್ಟಲೆ ಪಗಾರ ಕೊಡಲಿಲ್ಲ, ಕೆಲವು ಕಡೆ ಪಗಾರದ ಬದಲಿ ಫ್ಯಾಕ್ಟರಿ ಮಾಲನ್ನ ಕೈಯಾಗ ಇಟ್ಟು ಕಳಿಸಿದ್ರು. ಆದ್ರೂ ಬಾಗಿಲ ಹಾಕಿದ ದೊಡ್ಡ ಕಂಪನಿಗಳು ಭಾಳ ಕಡಿಮಿ. ಅಂದ್ರ ಲುಕ್ಸಾನ ಎಲ್ಲಿ ಹೋತು? ಪಗಾರ ಸಿಗದಾಂವನ ಮನಿಗೆ ಹೋತು, ಪಿಂಚಣಿ ಬರದ ಮುದುಕಿ ಮನಿಗೆ ಹೋತು.

1995ರ ಹರಾಜಂತೂ ಹೇಳೂದೇ ಬ್ಯಾಡ. ಸರ್ಕಾರಕ್ಕ ರೊಕ್ಕ ಬೇಕಿತ್ತು, ಬ್ಯಾಂಕುಗಳು ಸಾಲ ಕೊಟ್ಟು ದೊಡ್ಡ ಕಂಪನಿಗಳ ಷೇರು ಒತ್ತಿ ಇಟ್ಕೊಂಡ್ವು. ನೋರಿಲ್ಸ್ಕ್ ನಿಕ್ಕೆಲ್ ಅಂದ್ರ ಜಗತ್ತಿನ ದೊಡ್ಡ ನಿಕ್ಕೆಲ್ ಕಂಪನಿ, ಅದರ ಶೇ 38 ಪಾಲು ಹರಾಜಿಗೆ ಬಂತು, ಹರಾಜು ನಡೆಸಿದ್ದು ಒನೆಕ್ಸಿಮ್ ಬ್ಯಾಂಕ್, ಗೆದ್ದದ್ದೂ ಅದೇ ಬ್ಯಾಂಕಿನ ಕಡೆಯವರು, 17 ಕೋಟಿ ಡಾಲರಿಗೆ. ಇನ್ನೊಬ್ರು 35 ಕೋಟಿಗಿಂತ ಹೆಚ್ಚಿಗೆ ಕೂಗಿದ್ರು, ಅವರ ಅರ್ಜಿನ ತಳ್ಳಿ ಹಾಕಿದ್ರು. ಯುಕೋಸ್ ಎಣ್ಣೆ ಕಂಪನಿಯ ಶೇ 45 ಹೋದದ್ದು ಸುಮಾರು 16 ಕೋಟಿ ಡಾಲರಿಗೆ. ಇದಕ್ಕ ಮಾರುಕಟ್ಟೆ ಅನ್ನೂದು ತಪ್ಪು ಅಂತ ನಾ ಖಡಾಖಂಡಿತ ಹೇಳ್ತೀನಿ.

ಕೊರಿಯಾದಾಗ ಸರ್ಕಾರ ಸಾಲ ಕೊಡ್ತು ಖರೆ, ಆದ್ರ ಅಗ್ಗದ ಸಾಲ ರಫ್ತಿಗೆ ಕಟ್ಟು. ಹೊರಗಿನ ದೇಶದ ಗಿರಾಕಿ ನಿನ್ನ ಅಂಗಿ, ನಿನ್ನ ಪ್ಲೈವುಡ್ ತಗೊಂಡ್ರ ಮುಂದಿನ ಸಾಲ, ಇಲ್ಲಂದ್ರ ಇಲ್ಲ. ಸಿಯೋಲಿನ ಸಾಹೇಬನ್ನ ಖುಷಿ ಮಾಡಬಹುದು, ನ್ಯೂಯಾರ್ಕಿನ ಅಂಗಡಿಯವನ್ನ ಮಾಡಾಕ ಆಗೂದಿಲ್ಲಲ್ಲ. ಅಲ್ಲೂ ಮಾಫಿ ಇರಲಿಲ್ಲಂತ ತಿಳೀಬ್ಯಾಡ, 1972ರ ಆಗಸ್ಟ್‌ದಾಗ ಒಂದೇ ಆದೇಶದಾಗ ಕಂಪನಿಗಳು ಖಾಸಗಿಯವರ ಕಡೆ ಮಾಡಿದ್ದ ಕೈಸಾಲ ಎಲ್ಲಾ ತಡೆಹಿಡಿದ್ರು, ಸಾಲ ಕೊಟ್ಟಾಂವ ಸತ್ತ. ಬರ್ತಾ ಬರ್ತಾ ದೊಡ್ಡ ಮನೆತನದ ಕಂಪನಿಗಳಿಗೆ ನಮ್ಮನ್ನ ಯಾರೂ ಬೀಳಾಕ ಬಿಡೂದಿಲ್ಲ ಅನ್ನೋ ಧೈರ್ಯ ಬಂತು, ಸಾಲದ ಮ್ಯಾಲೆ ಸಾಲ ಮಾಡಿದ್ರು, 1997ರಾಗ ಐಎಂಎಫ್ ಮುಂದ ಕೈ ಚಾಚೂ ಹಂಗಾತು. ಆದ್ರ ಆಮೇಲೆ ಬಿಟ್ರು ನೋಡು. 1998 ಜೂನದಾಗ ಐದು ಬ್ಯಾಂಕ್ ಮುಚ್ಚಿದ್ರು, ಕಿಯಾ ಹೋಗಿ ಹ್ಯುಂಡೈ ಕೈ ಸೇರ್ತು, 1999ರಾಗ ಡೇವೂನಂಥ ದೊಡ್ಡ ಗುಂಪೇ ಮುರಿದು ಬಿತ್ತು. ರಷ್ಯಾಕ್ಕೂ ಕೊರಿಯಾಕ್ಕೂ ಇರೋ ದೊಡ್ಡ ಫರಕ್ ನನ್ನ ಪ್ರಕಾರ ಇದೇ.

ನಮ್ಮಲ್ಲಿನೂ ಇದು ಹಳೇ ರೋಗ. 1985ರ ಕಾಯ್ದೆ ಪ್ರಕಾರ ರೋಗಗ್ರಸ್ತ ಕಂಪನಿಗಳು ಬಿಐಎಫ್ಆರ್ ಅನ್ನೋ ಸರ್ಕಾರಿ ಮಂಡಳಿ ಮುಂದ ಹೋಗಿ ವರ್ಷಗಟ್ಟಲೆ ಕೂಡ್ತಿದ್ವು, ಅಲ್ಲೀ ತನಕ ಸಾಲ ಕೊಟ್ಟವರು ಮುಟ್ಟೂ ಹಂಗಿರಲಿಲ್ಲ. ಷೆಡ್ಡಿನಾಗ ಮಷೀನ್ ತುಕ್ಕು ಹಿಡೀತಿತ್ತು, ಕಾರ್ಮಿಕನ ಗ್ರಾಚ್ಯುಟಿ ಕಾಗದದ ಮ್ಯಾಲೆ ಉಳೀತಿತ್ತು, ಮಾಲೀಕನ ಬಂಗಲೆ ಮಾತ್ರ ಬಣ್ಣ ಕಾಣ್ತಿತ್ತು. ಕಿಂಗ್‌ಫಿಷರ್ ವಿಮಾನ 2012ರ ಅಕ್ಟೋಬರ್‌ಗೆ ನಿಂತಾಗ ಸಿಬ್ಬಂದಿಗೆ ತಿಂಗಳಗಟ್ಟಲೆ ಪಗಾರ ಬಾಕಿ ಇತ್ತು, ಬ್ಯಾಂಕುಗಳಿಗೆ ಸಾವಿರಾರು ಕೋಟಿ. 2016ರಾಗ ದಿವಾಳಿ ಸಂಹಿತೆ ಬಂದ ಮ್ಯಾಲೆ ಮಾಲೀಕನ ಕೈಯಿಂದ ಕಂಪನಿ ಜಾರಬಹುದು ಅನ್ನೋ ಅಂಜಿಕೆಯಾದ್ರೂ ಹುಟ್ಟೇದ, ತಡ ಆಗ್ತದ, ಬ್ಯಾಂಕಿಗೆ ಪೂರ್ತಿ ರೊಕ್ಕ ಬರೂದಿಲ್ಲ, ಅದೆಲ್ಲಾ ಖರೆ, ಆದ್ರೂ ಈ ಕಾಯ್ದೆ ಬೇಕಾಗಿತ್ತು.

ಚನ್ನಪಟ್ಟಣ_ರೇಷ್ಮೆ:

ಹುಬ್ಬಳ್ಳಿ ಸರ್ ಮಾತು ದೊಡ್ಡ ಕಂಪನಿಗಳ ಬಗ್ಗೆ ನೂರಕ್ಕೆ ನೂರು ಸರಿ ಸರ್. ಆದ್ರೆ ಕೆಳಗಿನಿಂದ ನೋಡಿ ಒಂದ್ಸಲ.

ನಾವು ಹಿಪ್ಪುನೇರಳೆ ಹಾಕಿದೀವಿ, ಹುಳ ಸಾಕ್ತೀವಿ. ನಾಲ್ಕು ಜ್ವರ (ಹುಳ ಪೊರೆ ಬಿಡೋ ಹೊತ್ತು) ದಾಟಿಸಿ, ಹಗಲೂ ರಾತ್ರಿ ಸೊಪ್ಪು ಹಾಕಿ, ಹಣ್ಣಾದ ಹುಳಾನ ಗೂಡು ಕಟ್ಟೋ ತಟ್ಟೆ, ಅಂದ್ರೆ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿದ್ಮೇಲೆ ನಮ್ಮ ಹತ್ರ ಇರೋದು ಕೆಲವೇ ದಿನ. ತಡ ಮಾಡಿದ್ರೆ ಗೂಡು ತೂತು ಮಾಡ್ಕೊಂಡು ಚಿಟ್ಟೆ ಆಚೆ ಬರತ್ತೆ, ನೂಲು ತೆಗೆಯೋಕಾಗಲ್ಲ. ಅಂದ್ರೆ ನಾಳೆ ಮಾರ್ತೀನಿ ಬಿಡಪ್ಪ ಅಂತ ಹೇಳೋ ಶಕ್ತಿ ನಮಗಿಲ್ಲ, ಕೊಳ್ಳೋನಿಗೆ ಅದು ಗೊತ್ತು. ನಮ್ಮಪ್ಪನ ಕಾಲದ ಹಿರೀಕ್ರು ಹೇಳ್ತಿದ್ರು, ಮಧ್ಯವರ್ತಿ ಮನೆ ಹತ್ರ ಬಂದು ಟವಲ್ ಅಡಿ ಕೈ ಹಿಡಿದು ರೇಟ್ ಹೇಳೋನು, ತೂಕದಲ್ಲೂ ಹೊಡೆಯೋನು, ದುಡ್ಡಿಗೆ ತಿಂಗಳು ಅಲೆಸೋನು. ಅದೂ ಮುಕ್ತ ಮಾರುಕಟ್ಟೇನೇ ತಾನೆ, ಸರ್ಕಾರದ ಹಂಗೇ ಇರ್ಲಿಲ್ಲ.

1959ರ ಕಾಯ್ದೆ ಪ್ರಕಾರ ಗೂಡು ಸರ್ಕಾರಿ ಮಾರುಕಟ್ಟೇಲೇ ಹರಾಜಾಗ್ಬೇಕು ಅಂತ ಆಯ್ತು. ಈಗ ರಾಮನಗರಕ್ಕೆ ಹೋಗಿ ನೋಡಿ, ಬೆಳಿಗ್ಗೆ ಗೂಡು ಸುರಿದು ಲಾಟ್ ನಂಬರ್ ತಗೊಳ್ತೀವಿ, ನೂಲು ತೆಗೆಯೋ ರೀಲರ್‌ಗಳು ಒಂದೊಂದು ಹಿಡಿ ಎತ್ತಿ ಕಿವಿ ಹತ್ರ ಅಲ್ಲಾಡಿಸ್ತಾರೆ, ಒಂದೆರಡು ಕತ್ತರಿಸಿ ಒಳಗೆ ನೋಡ್ತಾರೆ, ಆಮೇಲೆ ಮೊಬೈಲಲ್ಲಿ ಬಿಡ್ ಒತ್ತುತ್ತಾರೆ. ರೇಟ್ ಒಪ್ಪಿಗೆ ಆಗದಿದ್ರೆ ಬೇಡ ಅನ್ನೋ ಹಕ್ಕು ನಮಗಿದೆ. ಎಲೆಕ್ಟ್ರಾನಿಕ್ ತೂಕ, ದುಡ್ಡು ಅಕೌಂಟಿಗೆ. ಪೈಪೋಟಿ ಅನ್ನೋದು ಹೀಗೆ ಕಟ್ಟಿದ್ಮೇಲೇ ಹುಟ್ಟಿದ್ದು, ಅದು ತಾನಾಗಿ ಯಾವತ್ತೂ ನಮ್ಮೂರಿಗೆ ನಡ್ಕೊಂಡು ಬಂದಿರ್ಲಿಲ್ಲ.

ಇಷ್ಟಾದ್ರೂ 2011-12ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಸಿದ್ರು, ಚೀನಾ ರೇಷ್ಮೆ ಬಂತು, ಗೂಡಿನ ರೇಟ್ ನೆಲ ಕಚ್ತು. ತೋಟ ಕಿತ್ತು ಹಾಕಿದೋರು ನಮ್ಮ ಅಕ್ಕಪಕ್ಕದಲ್ಲೇ ಇದಾರೆ. ಲಾಭ ಮಾಡದಿದ್ದೋನು ಬೀಳ್ಬೇಕು ಅಂತೀರಲ್ಲ ಸರ್, ನಾವು ಕೆಟ್ಟ ಗೂಡು ಬೆಳೆದು ಬಿದ್ದಿದ್ದಲ್ಲ, ದೆಹಲೀಲಿ ಒಂದು ಸಾಲು ಬದಲಾಗಿದ್ದಕ್ಕೆ ಬಿದ್ದಿದ್ದು. ದೊಡ್ಡೋನು ಬಿದ್ರೆ ಸಂಹಿತೆ ಇದೆ, ಟ್ರಿಬ್ಯೂನಲ್ ಇದೆ, ಸಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಟ್ಟು ಕೈ ತೊಳ್ಕೊಳ್ಳೋ ಬ್ಯಾಂಕ್ ಇದೆ. ಸಣ್ಣೋನು ಬಿದ್ರೆ ಮೈಕ್ರೋಫೈನಾನ್ಸ್‌ನೋರು ಬಾಗಿಲಿಗೆ ಬಂದು ಕೂಗಾಡ್ತಾರೆ, ಮನೆ ಗೋಡೆ ಮೇಲೆ ಸಾಲ ಇದೆ ಅಂತ ಬರೀತಾರೆ. ಆಂಧ್ರದಲ್ಲಿ 2010ರಲ್ಲಿ ಇದೇ ಆಗಿತ್ತು, ನಮ್ಮ ರಾಜ್ಯದಲ್ಲಿ 2025ರ ಫೆಬ್ರವರೀಲಿ ಸುಗ್ರೀವಾಜ್ಞೆ ತರೋ ತನಕ ಹೋಯ್ತು. ಹಾಗಾಗಿ ಯಾರು ಬೀಳ್ಬೇಕು ಅನ್ನೋದರ ಜೊತೆಗೆ, ಬಿದ್ದೋನು ಮತ್ತೆ ಎದ್ದು ಒಂದು ಬೆಳೆ ಹಾಕೋಕಾಗತ್ತಾ ಅನ್ನೋದನ್ನೂ ನಿಮ್ಮ ಸೆಮಿನಾರ್‌ನಲ್ಲಿ ಹೇಳಿ ಮೇಡಂ.

ನಂದಿಬಟ್ಟಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚನ್ನಪಟ್ಟಣದ ಅಣ್ಣ, ನೀವು ಹೇಳಿದ್ದಕ್ಕೂ ಕೊರಿಯಾಗೂ ಸಂಬಂಧ ಇದೆ ಅನ್ಸತ್ತೆ. ಅಲ್ಲಿ ಫ್ಯಾಕ್ಟರಿ ಬರೋಕೆ ಮುಂಚೆ, 1950ರಲ್ಲೇ ಭೂಸುಧಾರಣೆ ಮಾಡಿದ್ರು, ಒಂದು ಕುಟುಂಬಕ್ಕೆ ಸುಮಾರು 3 ಹೆಕ್ಟೇರ್ ಮಿತಿ ಹಾಕಿ ಉಳಿದಿದ್ದನ್ನ ಗೇಣಿದಾರರಿಗೆ ಕೊಟ್ರು. ಆ ಮಕ್ಕಳೇ ಸ್ಕೂಲಿಗೆ ಹೋಗಿ ಆಮೇಲೆ ಫ್ಯಾಕ್ಟರಿಗೆ ಬಂದಿದ್ದು. ಆದ್ರೆ ಆ ಫ್ಯಾಕ್ಟರಿ ಒಳಗಿನ ಬದುಕು ಓದಿದ್ರೆ ಗೆಲುವು ಅನ್ನೋ ಪದ ಬಳಸೋಕೆ ಸಂಕಟ ಆಗತ್ತೆ. 1970ರ ನವೆಂಬರ್‌ನಲ್ಲಿ ಸಿಯೋಲ್‌ನ ಬಟ್ಟೆ ಮಾರ್ಕೆಟ್ ಹತ್ರ ಚೊನ್ ತೇ ಇಲ್ ಅನ್ನೋ 22 ವರ್ಷದ ಟೈಲರ್ ಕಾರ್ಮಿಕ ಕಾನೂನು ಪಾಲಿಸಿ ಅಂತ ಕೂಗ್ತಾ ಮೈಗೆ ಬೆಂಕಿ ಹಚ್ಕೊಂಡ. ಯೂನಿಯನ್‌ಗಳಿಗೆ ನಿಜವಾಗಿ ಉಸಿರು ಬಂದಿದ್ದು 1987ರ ಹೋರಾಟದ ನಂತರ. ರಫ್ತಿನ ಗ್ರಾಫ್ ಜೊತೆಗೆ ಇದನ್ನೂ ಹಾಕ್ತೀನಿ.

ಹುಬ್ಬಳ್ಳಿ ಸರ್, ಒಂದೇ ಪ್ರಶ್ನೆ. ಬೀಳೋರನ್ನ ಬೀಳೋಕೆ ಬಿಟ್ಟು, ಬಿದ್ದ ಜನಾನ ಹಿಡ್ಕೊಂಡ ದೇಶ ಯಾವುದಾದ್ರೂ ಇದ್ಯಾ? ರಷ್ಯಾ ಥರಾನೇ ಸಮಾಜವಾದದಿಂದ ಬಂದಿರೋದಾದ್ರೆ ಹೋಲಿಸೋಕೆ ಇನ್ನೂ ಅನುಕೂಲ.

ಹುಬ್ಬಳ್ಳಿ_ಲೆಕ್ಕಪತ್ರ:

ಚನ್ನಪಟ್ಟಣದವರು ಹೇಳಿದ ಮಾತನ್ನ ನಾ ಪೂರ್ತಿ ಒಪ್ತೀನಿ, ಅದಕ್ಕ ಪೋಲೆಂಡ್ ಓದು ತಂಗಿ. 1990 ಜನವರಿ 1ರಿಂದ ಹಣಕಾಸು ಮಂತ್ರಿ ಬಾಲ್ಸೆರೊವಿಚ್ ಯೋಜನೆ ಶುರುವಾತು, ಬೆಲೆ ಬಿಟ್ರು, ಲುಕ್ಸಾನದ ಫ್ಯಾಕ್ಟರಿಗೆ ಸಬ್ಸಿಡಿ ಕಡಿದ್ರು, ರಷ್ಯಾಕಿಂತ ಎರಡು ವರ್ಷ ಮೊದಲ. ಆದ್ರ ದೊಡ್ಡ ಕಂಪನಿ ಮಾರಾಟಕ್ಕ ಅವಸರ ಮಾಡಲಿಲ್ಲ, ಸಣ್ಣ ಅಂಗಡಿ, ಸಣ್ಣ ವರ್ಕ್‌ಶಾಪ್ ತೆಗೆಯೋರಿಗೆ ದಾರಿ ಬಿಟ್ರು, ಜನ ಫುಟ್‌ಪಾತ್‌ನಾಗ ಮಂಚ ಹಾಕಿ ಮಾರಾಕ ಕುಂತ್ರು. ನಿರುದ್ಯೋಗ ಶೇ 16ರ ತನಕ ಹೋತು, ಅದು ಸಣ್ಣ ನೋವಲ್ಲ. ಆದ್ರ ಕೆಲಸ ಕಳಕೊಂಡವರಿಗೆ ಭತ್ಯೆ ಇತ್ತು, ಪಿಂಚಣಿ ನಿಲ್ಲಿಸಲಿಲ್ಲ. ಕಾರ್ಮಿಕ ಮಂತ್ರಿ ಯಾತ್ಸೆಕ್ ಕುರೋನ್ ಟಿವಿಯೊಳಗ ಕೂತು ಏನ್ ನಡೆದದ, ಯಾಕ ಕಷ್ಟ ಆಗ್ತದ ಅಂತ ಜನರಿಗೆ ತಿಳಿಸಿ ಹೇಳ್ತಿದ್ದ, ಬಡವರಿಗೆ ಹಂಚಿದ ಸೂಪಿಗೆ, ಆ ಭತ್ಯೆಗೆ ಜನ ಅವನ ಹೆಸರೇ ಇಟ್ರು. ಮತ್ತ 1991ರಾಗ ಸಾಲ ಕೊಟ್ಟ ದೇಶಗಳು ಪೋಲೆಂಡಿನ ಸಾಲದಾಗ ಅರ್ಧ ಬಿಡಾಕ ಒಪ್ಪಿದ್ವು, ಇದನ್ನ ಮರೆತು ಬರೀ ಯೋಜನೆ ಹೊಗಳೋರು ಭಾಳ ಮಂದಿ ಇದ್ದಾರ, ನೀ ಅದನ್ನ ಮರೀಬ್ಯಾಡ. 1989ರ ಉತ್ಪಾದನೆ ಮಟ್ಟಕ್ಕ ಪೋಲೆಂಡ್ 1996ರ ಹೊತ್ತಿಗೆ ವಾಪಸ್ ಬಂತು, ರಷ್ಯಾಕ್ಕ 2000ದ ದಶಕದ ನಡುವಿನ ತನಕ ಹಿಡೀತು.

ಅಲ್ಲಿ ಅನ್ಯಾಯಕ್ಕ ಒಳಗಾದವರು ಯಾರಂದ್ರ ಸರ್ಕಾರಿ ಕೃಷಿ ಫಾರಂನಾಗ ಕೂಲಿ ಮಾಡ್ತಿದ್ದವರು. 1991ರ ಕಾಯ್ದೆ ಪ್ರಕಾರ ಫಾರಂ ಮುಚ್ಚಿದ್ರು, ಊರ ಹೊರಗಿನ ಕ್ವಾರ್ಟರ್ಸ್‌ನಾಗ ಕೆಲಸ ಇಲ್ದ, ಬಸ್ ಇಲ್ದ ಉಳಕೊಂಡ್ರು. ಪೋಲೆಂಡ್ ಸೇರಿಸಿದ್ರ ಅವರ ಬಗ್ಗೆನೂ ಒಂದು ಸ್ಲೈಡ್ ಇಡು. ಸೆಮಿನಾರ್ ಪೇಪರ್ ಮುಗಿದ ಮ್ಯಾಲೆ ಇಲ್ಲಿ ಹಾಕು, ಓದಿ ಹೇಳ್ತೀನಿ.